ಮೋಟಾರಿಗೆ ಹೊಲಿದ ಅಂಗಿ

ಅಜ್ಜಿ ಅವನನ್ನು ಮೊದಲು ಕಂಡದ್ದು ಈಜುಕೊಳದ ಕೆಲಸಕ್ಕೆ ಸೇರಿದ ಮೂರನೆಯ ದಿನ, ಬೆಳಗಿನ ಏಳೂವರೆಗೆ. ಟವೆಲು ಕೊಡುವ ಕಿಟಕಿಯ ಹಿಂದೆ ಕುಳಿತು, ಹಿಂದಿನ ದಿನ ಒಗೆದು ಒಣಗಿಸಿದ ಟವೆಲುಗಳನ್ನು ಮಡಚಿ ಎಣಿಸುತ್ತಿದ್ದಳು. ಮೂವತ್ತೊಂದು ಎನ್ನುವಷ್ಟರಲ್ಲಿ ನೀಲಿ ಕೋಟಿನ ಗಂಡಸೊಬ್ಬ ಕಿಟಕಿಯ ಮುಂದೆ ಬಂದು ನಿಂತ, ತುಟಿಯ ಮೇಲೆ ಬೆರಳಿಟ್ಟ, "ಉಶ್!" ಎಂದ.

ಅಜ್ಜಿಗೆ ಎಣಿಕೆ ತಪ್ಪಿಹೋಯಿತು.

"ಏನಪ್ಪಾ ಇದು, ನಾನು ಬಾಯೇ ಬಿಟ್ಟಿಲ್ಲವಲ್ಲ?"

"ಉಶ್. ಕೆಳಗೆ ಕೇಳಿ ಅಜ್ಜಿ."

ಟವೆಲು ಕೋಣೆಯ ಕೆಳಗೇ ಪಂಪ್ ರೂಮು. ಅಜ್ಜಿ ಕಿವಿಗೊಟ್ಟಳು. ನೆಲದಡಿಯಿಂದ ಸದಾ ಬರುತ್ತಿದ್ದ ಗುಂಯ್ ಸದ್ದಿನೊಳಗೆ ಇನ್ನೊಂದು ಸದ್ದು ಸೇರಿಕೊಂಡಿತ್ತು.

"ಜರಡಿಯಲ್ಲಿ ಕಲ್ಲು ಆಡಿಸಿದ ಹಾಗಿದೆ," ಎಂದಳು.

ಅವನ ಮುಖ ಅರಳಿತು. "ಸರಿಯಾಗಿ ಹೇಳಿದಿರಿ! ಪಂಪಿನ ಬಾಯಲ್ಲಿರೋ ಕಸ ತಡೆಯೋ ಬುಟ್ಟಿ ತುಂಬಿದೆ, ಪಂಪಿಗೆ ನೀರು ಸಾಲ್ತಾ ಇಲ್ಲ. ಹತ್ತು ವರ್ಷದಿಂದ ಮ್ಯಾನೇಜರಿಗೆ ಹೇಳ್ತಿದ್ದೀನಿ, ಅವರಿಗೆ ಒಂದೇ ಒಂದು ದಿನ ಕೇಳಿಸಿಲ್ಲ. ನಿಮಗೆ ಮೂರೇ ದಿನಕ್ಕೆ ಕೇಳಿಸ್ತಲ್ಲ ಅಜ್ಜಿ!"

"ನಿನ್ನ ಮೀಸೆ ನನ್ನ ತಲೆಗಿಂತ ಬೆಳ್ಳಗಿದೆ. ನೀನು ನನ್ನನ್ನ ಅಜ್ಜಿ ಅಂದ್ರೆ ನಾನು ನಿನ್ನನ್ನ ಮುತ್ತಾತ ಅನ್ನಬೇಕಾಗತ್ತೆ. ಅಕ್ಕ ಅನ್ನು."

"ಆಯ್ತು ಅಕ್ಕಾ." ಅವನು ನಗುತ್ತ ಮೆಟ್ಟಿಲಿನ ಕಡೆಗೆ ತಿರುಗಿದ. ಆಗ ಅಜ್ಜಿಗೆ ಅವನ ಕೋಟು ಸರಿಯಾಗಿ ಕಂಡಿತು. ಬಲಗಡೆಯ ಜೇಬಿನ ತಳದಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ತೂತು. ತೂತಿನಿಂದ ಮೊಳದುದ್ದದ ಸ್ಕ್ರೂಡ್ರೈವರಿನ ಕಬ್ಬಿಣ ಕೆಳಗೆ ಇಳಿಬಿದ್ದಿತ್ತು.

ಅಜ್ಜಿ ದರ್ಜಿಯ ಹೆಂಡತಿಯಾಗಿ ಮೂವತ್ತೆಂಟು ವರ್ಷ ಬಾಳಿದವಳು. ಗಂಡ ಹೋದ ಮೇಲೆ ಅವನ ಕಾಲ್ಮೆಷಿನನ್ನು ಈ ಟವೆಲು ಕೋಣೆಯ ಮೂಲೆಗೇ ತಂದು ಹಾಕಿಕೊಂಡಿದ್ದಳು. ಅಕ್ಷರ ಅವಳಿಗೆ ಅಷ್ಟಕ್ಕಷ್ಟೆ. ಅಂಕಿಗಳನ್ನು ಮಾತ್ರ ಅಳತೆ ಟೇಪಿನ ಮೇಲೆ ಬೆರಳಾಡಿಸಿ ಕಲಿತಿದ್ದಳು. ಆದರೆ ಹರಿದದ್ದು ಕಣ್ಣಿಗೆ ಬಿತ್ತೆಂದರೆ ಅವಳ ಬೆರಳು ತುರಿಸತೊಡಗುತ್ತಿತ್ತು.

"ಬಿಚ್ಚಿಕೊಡಪ್ಪ ಆ ಕೋಟು. ಎರಡು ನಿಮಿಷ, ಹೊಲಿದುಕೊಡ್ತೀನಿ."

"ಬೇಡಿ ಅಕ್ಕಾ!" ಅವನು ಜೇಬನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. "ಇದು ಹರಿದದ್ದಲ್ಲ, ನಾನೇ ಮಾಡಿದ್ದು. ಜೇಬಿಗೆ ತೂತಿಲ್ಲದಿದ್ರೆ ಈ ಉದ್ದದ್ದು ಎಲ್ಲಿ ನಿಲ್ಲತ್ತೆ? ಬೇಕಾದ ತೂತು ಇದು."

ಬೇಕಾದ ತೂತು! ಅಜ್ಜಿ ಮೂಗಿನ ಮೇಲೆ ಬೆರಳಿಟ್ಟಳು. ಅಂಥದ್ದೊಂದು ಇರುತ್ತದೆಂದು ಅವಳ ಗಂಡ ಅವಳಿಗೆ ಹೇಳಿರಲಿಲ್ಲ.

ಅವನನ್ನು ಕೊಳಕ್ಕೆ ಬರುವ ಮಕ್ಕಳೆಲ್ಲ ಉಶ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ, ಸುತ್ತ ಇದ್ದವರಿಗೆಲ್ಲ ಉಶ್ ಎನ್ನುವುದೇ ಅವನ ಕೆಲಸದ ಆರಂಭ. ಬೇರಿಂಗ್ ಒಣಗಿದೆಯೋ, ಸೀಲು ಸವೆದಿದೆಯೋ, ಒಳಗೆ ಗಾಳಿ ಸೇರಿದೆಯೋ ಅವನಿಗೆ ಮೊದಲು ಹೇಳುತ್ತಿದ್ದದ್ದು ಕಿವಿ. ಮೀಟರು ಹಿಡಿಯುತ್ತಿದ್ದದ್ದು ಆಮೇಲೆ. ಊರೊಳಗೆ ಅವನದೊಂದು ಸಣ್ಣ ಅಂಗಡಿ ಇತ್ತು, ಸುಟ್ಟ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು. ಕೆಲಸ ಕಲಿತದ್ದು ಸೋದರಮಾವನಿಂದ. ತಂತಿ ಸುತ್ತುವಾಗ ಸುತ್ತು ಎಣಿಸಬೇಕು, ಎಣಿಕೆ ತಪ್ಪಿದರೆ ಎಲ್ಲ ಬಿಚ್ಚಬೇಕು. ಹಾಗಾಗಿ ಅಂಗಡಿಗೆ ಹೋದವರು "ಚೆನ್ನಾಗಿದ್ದೀಯಾ ಮೇಸ್ತ್ರಿ?" ಎಂದು ಕೇಳಿದರೆ ಉತ್ತರ ಬರುತ್ತಿದ್ದದ್ದು ಎಪ್ಪತ್ತು ಸುತ್ತು ಮುಗಿದ ಮೇಲೆ. ಅಷ್ಟರಲ್ಲಿ ಕೇಳಿದವರು ಅರ್ಧ ದಾರಿ ಹೋಗಿರುತ್ತಿದ್ದರು. ಅವನು ಬಾಗಿಲಿಗೆ ಬಂದು ಅವರ ಬೆನ್ನಿಗೆ "ಚೆನ್ನಾಗಿದ್ದೀನಿ! ನೀವು?" ಎಂದು ಕೂಗುತ್ತಿದ್ದ. ಒಬ್ಬಳೇ ಮಗಳು; ಅವಳು ತಂತಿ ಸುತ್ತುವುದರಲ್ಲಿ ಅಪ್ಪನನ್ನು ಮೀರಿಸಿದ್ದಳು. ಅವಳಿಗೆ ಎಣಿಸುತ್ತಲೇ ಮಾತಾಡಲು ಬರುತ್ತಿತ್ತು. ಅದೊಂದು ವಿಷಯಕ್ಕೆ ಅವನಿಗೆ ಮಗಳ ಮೇಲೆ ಹೆಮ್ಮೆಯೂ ಇತ್ತು, ಸಣ್ಣ ಹೊಟ್ಟೆಕಿಚ್ಚೂ ಇತ್ತು.

ಅಂಗಡಿ ಹೊಟ್ಟೆಪಾಡಿಗಾದರೆ ಈಜುಕೊಳ ಅವನ ಮನಸ್ಸಿಗೆ. ಪಂಪ್ ರೂಮಿನ ಕೀ ಹಿತ್ತಾಳೆಯ ಸರಪಳಿಯಲ್ಲಿ ಅವನ ಸೊಂಟಕ್ಕೆ ತೂಗುತ್ತಿತ್ತು. ಕೊಳ ಕಟ್ಟಿದ ವರ್ಷ ಕೊಟ್ಟ ಕೀ ಅದು. ಇನ್ನೊಂದು ಕೀಯನ್ನು ಬೀರುವಿನಿಂದ ತೆಗೆಸಿ ಅಜ್ಜಿಗೆ ಕೊಡಿಸಿದವನೂ ಅವನೇ. "ಕಿವಿ ಇರೋರ ಹತ್ತಿರ ಕೀ ಇರ್ಲಿ ಸಾರ್," ಎಂದಿದ್ದ ಮ್ಯಾನೇಜರಿಗೆ. ಕಸದ ಬುಟ್ಟಿ ತೆಗೆದು ತೊಳೆಯುವುದನ್ನು, ನೀರಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಎಲ್ಲಿರಬೇಕೆಂಬುದನ್ನು ಅವಳಿಗೆ ಹೇಳಿಕೊಟ್ಟ. ಮೋಟಾರು ತಾನಾಗಿ ನಿಂತರೆ ಬರೆದಿಡಿ ಎಂದ.

"ಬರೆಯೋದು ಬಿಟ್ಟು ಬೇರೆ ಏನಾದ್ರೂ ಹೇಳಪ್ಪ," ಎಂದಳು ಅಜ್ಜಿ.

ಆಮೇಲೆ ಅವಳೇ ಒಂದು ದಾರಿ ಕಂಡುಕೊಂಡಳು. ಗಂಡ ಬಿಟ್ಟುಹೋದ ಗುಂಡಿಗಳ ಡಬ್ಬಿ ಇತ್ತು. ಗೋಡೆಯ ಮೊಳೆಗೆ ಒಂದು ಗಟ್ಟಿ ದಾರ ಕಟ್ಟಿದಳು. ಮೋಟಾರು ಸರಿಯಾಗಿ ಓಡಿದ ದಿನ ಸಂಜೆ ಒಂದು ಬಿಳಿ ಗುಂಡಿ ಪೋಣಿಸುವುದು, ನಿಂತ ದಿನ ಒಂದು ಕಪ್ಪು ಗುಂಡಿ. ಆಫೀಸಿನ ರಿಜಿಸ್ಟರಿನಲ್ಲಿ ಮ್ಯಾನೇಜರು ವಾರಕ್ಕೊಮ್ಮೆ ಕುಳಿತು ಏಳೂ ದಿನಕ್ಕೆ ಒಟ್ಟಿಗೇ "ಎಲ್ಲ ಸರಿ ಇದೆ" ಎಂದು ಬರೆಯುತ್ತಿದ್ದ. ಮೇಸ್ತ್ರಿ ಆ ರಿಜಿಸ್ಟರನ್ನು ಮುಟ್ಟಿಯೂ ನೋಡುತ್ತಿರಲಿಲ್ಲ. ಬಂದವನೇ ದಾರಕ್ಕೆ ಕೈ ಹಾಕಿ, ಗುಂಡಿಗಳ ಮೇಲೆ ಬೆರಳಾಡಿಸಿ, "ಎಲ್ಲ ಬೆಳ್ಳಗಿದೆ ಅಕ್ಕಾ," ಎಂದು ಸಂತೋಷಪಡುತ್ತಿದ್ದ.

ಹೀಗೆ ಐದಾರು ವರ್ಷ ಕಳೆದವು. ಒಂದು ದಿನ ಅವನು ಪಂಪ್ ರೂಮಿನ ಸೂರು ನೋಡುತ್ತ ನಿಂತಿದ್ದ. ಮೇಲಿನ ಪೈಪು ಬೆವರಿ, ಹನಿಹನಿಯಾಗಿ ಮೋಟಾರಿನ ಬೆನ್ನ ಮೇಲೆ ಬೀಳುತ್ತಿತ್ತು.

"ಇದಕ್ಕೆ ನೀರು ಒಂದು ಶತ್ರು, ಧೂಳು ಒಂದು ಶತ್ರು ಅಕ್ಕಾ. ಹೀಗೆ ತೊಟ್ಟಿಕ್ತಾ ಇದ್ರೆ ಪಾಪ ಎಷ್ಟು ದಿನ ತಡೆಯತ್ತೆ?"

ಅವನು ಹೇಳಿದ್ದು ಅಷ್ಟೆ. ಅಜ್ಜಿ ಮರುದಿನ ಅಳತೆ ಟೇಪು ಹಿಡಿದು ಹನ್ನೊಂದು ಮೆಟ್ಟಿಲು ಇಳಿದು ಹೋಗಿ ಮೋಟಾರಿನ ಸುತ್ತಳತೆ, ಉದ್ದ, ಹಿಂಬದಿಯ ಅಗಲ ಎಲ್ಲ ತೆಗೆದುಕೊಂಡಳು. ಹಳೆಯ ರೇನ್‌ಕೋಟಿನ ಬಟ್ಟೆ ಮೇಲಕ್ಕೆ, ಸವೆದ ಟವೆಲು ಒಳಕ್ಕೆ. ಬೆನ್ನಿಗೆ ಆರು ಬಿಳಿ ಗುಂಡಿ, ಹೊಟ್ಟೆಯ ಕೆಳಗೆ ನಾಲ್ಕು ಲಾಡಿ. ಐದನೆಯ ದಿನ ಮೇಸ್ತ್ರಿ ಬಂದಾಗ ಮೋಟಾರು ಅಂಗಿ ತೊಟ್ಟು ಗುಂಯ್‌ಗುಡುತ್ತಿತ್ತು.

ಮೇಸ್ತ್ರಿ ಬಾಗಿಲಲ್ಲೇ ನಿಂತುಬಿಟ್ಟ. ಒಂದೊಂದೇ ಗುಂಡಿ ಮುಟ್ಟಿ ನೋಡಿದ. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. "ಇಷ್ಟು ವರ್ಷದಲ್ಲಿ ನನ್ನ ಮೋಟಾರಿಗೆ ಯಾರೂ ಒಂದು ಚಿಂದಿಯನ್ನೂ ಹೊದಿಸಿಲ್ಲ ಅಕ್ಕಾ," ಎಂದ ಕೊನೆಗೆ. ಅಜ್ಜಿ ಟವೆಲು ಕೊಡಲು ಮೇಲೆ ಹೋದಳು. ಆ ದಿನ ಅವನು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಕೆಳಗಿದ್ದ.

ಅಂಗಿಯ ಸುದ್ದಿ ಹರಡಿತು. ಈಜು ಕಲಿಸುವ ಟೀಚರಮ್ಮ ಮಕ್ಕಳನ್ನೆಲ್ಲ ಸಾಲಾಗಿ ಕರೆತಂದು ತೋರಿಸಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಮ್ಯಾನೇಜರಂತೂ ಕೊಳ ನೋಡಲು ಬಂದವರನ್ನೆಲ್ಲ ಕೆಳಗೆ ಕರೆದುಕೊಂಡು ಹೋಗಿ, "ನೋಡಿ, ನಮ್ಮಲ್ಲಿ ಮೋಟಾರಿಗೂ ಯೂನಿಫಾರ್ಮ್ ಇದೆ," ಎನ್ನುತ್ತಿದ್ದ. ಅಂಗಿಯನ್ನು ಸದಾ ತೊಡಿಸಿಯೇ ಇಡಬೇಕೆಂದು ಅವನದೇ ಅಪ್ಪಣೆಯಾಯಿತು.

ಏಳು ತಿಂಗಳು ಎಲ್ಲ ಬಿಳಿ ಗುಂಡಿಯೇ.

ಆಮೇಲೆ ಒಂದು ಮಧ್ಯಾಹ್ನ ನೆಲದಡಿಯ ಗುಂಯ್ ತಟ್ಟನೆ ನಿಂತಿತು. ಅಜ್ಜಿ ಆಫೀಸಿಗೆ ಓಡಿದಳು, ಮ್ಯಾನೇಜರು ಮೇಸ್ತ್ರಿಗೆ ಫೋನು ಮಾಡಿದ. ಅಜ್ಜಿ ಕೆಳಗಿಳಿದು ಮೋಟಾರಿನ ಗುಂಡಿ ಬಿಚ್ಚಿ, ಅಂಗಿ ತೆಗೆದು ಮಡಚಿ ಗೂಟಕ್ಕೆ ಹಾಕಿದಳು. ಡಾಕ್ಟರು ಬರುವ ಮುಂಚೆ ಮಗುವಿನ ಅಂಗಿ ಬಿಚ್ಚಿ ಕೂರಿಸುವುದಿಲ್ಲವೇ, ಹಾಗೆ. ಮೇಸ್ತ್ರಿ ಬರುವ ಹೊತ್ತಿಗೆ ಮೋಟಾರು ತಾನಾಗಿಯೇ ಮತ್ತೆ ಓಡುತ್ತಿತ್ತು. ಅವನು ಸ್ಕ್ರೂಡ್ರೈವರು ಹಚ್ಚಿ ಕೇಳಿದ, ಮೀಟರು ಹಿಡಿದು ಕರೆಂಟು ನೋಡಿದ. ಏನೂ ಇಲ್ಲ.

ಎರಡು ದಿನ ಬಿಟ್ಟು ಮತ್ತೆ ನಿಂತಿತು. ಮತ್ತೆ ಅಜ್ಜಿ ಅಂಗಿ ಬಿಚ್ಚಿದಳು, ಮತ್ತೆ ಮೇಸ್ತ್ರಿ ಬಂದ, ಮತ್ತೆ ಮೋಟಾರು ಸಾಧುಪ್ರಾಣಿಯ ಹಾಗೆ ಓಡುತ್ತಿತ್ತು. ಕೆಪಾಸಿಟರು ಬದಲಾಯಿಸಿ ಹೋದ. ಮರುದಿನ ನಿಂತಿತು. ಎರಡೂ ಬೇರಿಂಗ್ ಹೊಸದು ಹಾಕಿದ. ಮೂರು ದಿನಕ್ಕೆ ನಿಂತಿತು. ಫಿಲ್ಟರಿನ ಮರಳು ತೊಳೆದ, ವೈರುಗಳ ತುದಿ ಉಜ್ಜಿ ಬಿಗಿದ. ಅವನು ಹೋದ ಮೇಲೆ ಅಜ್ಜಿ ಆರೂ ಗುಂಡಿ ಹಾಕಿ ಲಾಡಿ ಕಟ್ಟಿ ಮೇಲೆ ಬರುತ್ತಿದ್ದಳು.

"ಇದು ಬಿಸಿಯಾಗಿ ನಿಲ್ತಿದೆ ಅಕ್ಕಾ. ಒಳಗೊಂದು ಸಣ್ಣ ಕಾವಲುಗಾರ ಇದ್ದಾನೆ, ಬಿಸಿ ಹೆಚ್ಚಾದ್ರೆ ಕರೆಂಟು ಕಡಿದುಬಿಡ್ತಾನೆ, ತಣ್ಣಗಾದ್ರೆ ಬಿಡ್ತಾನೆ. ಅಷ್ಟು ಗೊತ್ತಾಗ್ತಿದೆ. ಆದ್ರೆ ಯಾಕೆ ಬಿಸಿಯಾಗ್ತಿದೆ? ನಾನು ಮುಟ್ಟಿದಾಗೆಲ್ಲ ಚೆನ್ನಾಗೇ ಇರತ್ತೆ!" ಅವನು ತಲೆ ಕೆರೆದುಕೊಂಡ. ಹೊರಡುವಾಗ ಬಾಗಿಲ ಪಕ್ಕ ಅವನ ಬೂಟಿಗೆ ಏನೋ ತಗುಲಿ ಫಟ್ ಎಂದಿತು. ಇಲಿಬೋನು.

"ಇಲ್ಲೇನು ಸಿಗತ್ತೆ ಅಂತ ಇಲಿ ಬರತ್ತೆ ಅಕ್ಕಾ? ನಟ್ಟು ತಿನ್ನೋದಕ್ಕಾ?"

"ಬರತ್ತೆ, ಬರತ್ತೆ. ನಿನಗೇನು ಗೊತ್ತು," ಎಂದಳು ಅಜ್ಜಿ.

ಅವನಿಗೆ ನಗು ಬಂತಾದರೂ ಮುಖ ಸಪ್ಪಗೇ ಇತ್ತು. ಕಾರಣವಿತ್ತು. ಅಂದು ಬೆಳಗ್ಗೆ ಮ್ಯಾನೇಜರು ಅವನನ್ನು ಆಫೀಸಿಗೆ ಕರೆದು, "ಮೇಸ್ತ್ರಿ, ನಿಮ್ಮ ಮೋಟಾರಿಗೆ ನಿಮ್ಮನ್ನ ಕಂಡ್ರೆ ಭಯವೋ, ಇಲ್ಲ ನಿಮ್ಮ ಕಿವಿಗೇ ವಯಸ್ಸಾಯ್ತೋ?" ಎಂದಿದ್ದ. ಪಂಪು ನೋಡಿಕೊಳ್ಳುವ ಕಂಪನಿಯೊಂದರವರು ಬಂದು ತಮ್ಮ ದರದ ಕಾಗದ ಕೊಟ್ಟು ಹೋಗಿದ್ದರಂತೆ. ಇನ್ನೊಂದು ಸಲ ನಿಂತರೆ ಪಂಪ್ ರೂಮು ಅವರ ವಶ, ಕೀ ತಂದು ಮೇಜಿನ ಮೇಲೆ ಇಡುವುದು ಎಂದು ಮಾತಾಗಿತ್ತು. ಮೇಸ್ತ್ರಿ ಅಜ್ಜಿಗೆ ಇದನ್ನು ಹೇಳುವಾಗ ಸೊಂಟದ ಕೀಯನ್ನು ಬೆರಳಲ್ಲಿ ತಿರುವುತ್ತಲೇ ಇದ್ದ.

ಆ ಇನ್ನೊಂದು ಸಲ ಬಂದದ್ದು ಗುರುವಾರ, ಬೆಳಗ್ಗೆ ಒಂಬತ್ತಕ್ಕೆ. ಈ ಬಾರಿ ಬರಿಯ ನಿಲ್ಲುವುದಲ್ಲ. ಕೆಳಗಿನಿಂದ ಅರಗು ಸುಟ್ಟ ವಾಸನೆ ಮೆಟ್ಟಿಲು ಹತ್ತಿ ಬಂತು. ಅಜ್ಜಿ ಮೂಗಿಗೆ ಸೆರಗು ಹಿಡಿದು ಇಳಿದು, ಬಿಸಿ ಅಂಗಿಯನ್ನು ಬಿಚ್ಚಿ, ಮಡಚಿ ಗೂಟಕ್ಕೆ ಹಾಕಿದಳು. ಮೇಸ್ತ್ರಿ ಬಂದು ಮೀಟರು ಹಿಡಿದ. ನೋಡುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ.

"ಹೋಯ್ತು ಅಕ್ಕಾ. ಒಳಗಿನ ತಂತಿ ಸುಟ್ಟು ಮೋಟಾರಿನ ಮೈಗೇ ತಾಗಿದೆ, ಮತ್ತೆ ಸುತ್ತಿದ್ರೂ ನಿಲ್ಲಲ್ಲ. ಹೊಸ ಮೋಟಾರೇ ಕೂರಿಸಬೇಕು." ಅವನು ಮೆಟ್ಟಿಲ ಮೇಲೆ ಕೈಚೆಲ್ಲಿ ಕುಳಿತ. "ಮೋಟಾರು ಹೋಗೋದು ಇದ್ದದ್ದೇ, ಅದಕ್ಕೆ ಬೇಜಾರಿಲ್ಲ. ಯಾಕೆ ಹೋಯ್ತು ಅಂತ ಗೊತ್ತಾಗದೆ ಕೀ ಕೊಟ್ಟು ಹೋಗ್ಬೇಕಲ್ಲ, ಅದು. ಹೊಸದು ಕೂರಿಸಿದ್ರೆ ಅದೂ ಹೀಗೇ ಸುಡತ್ತೆ."

ಅಜ್ಜಿ ಮೇಲೆ ಹೋಗಿ ಗುಂಡಿಯ ದಾರವನ್ನೇ ಮೊಳೆಯಿಂದ ಬಿಚ್ಚಿ ತಂದು ಅವನ ಮಡಿಲಿಗೆ ಹಾಕಿದಳು. "ಎಲ್ಲ ಇದೆ ಇದರಲ್ಲಿ. ಒಂದು ದಿನಾನೂ ಬಿಟ್ಟಿಲ್ಲ. ನೋಡು."

ಮೇಸ್ತ್ರಿ ದಾರವನ್ನು ಮೊಣಕಾಲಿನ ಮೇಲೆ ಹರಡಿಕೊಂಡ. ತುದಿಯಿಂದ ಹಿಂದಕ್ಕೆ ಬೆರಳಾಡಿಸಿದ. ಕಪ್ಪು, ಬಿಳಿ, ಬಿಳಿ, ಕಪ್ಪು, ಕಪ್ಪು, ಬಿಳಿ... ಮೊದಲ ಕಪ್ಪು ಗುಂಡಿಯ ಹಿಂದೆ ಬೆರಳು ನಿಂತಿತು. ಅದರ ಹಿಂದೆ ಸಾಲಾಗಿ ಬಿಳಿ. ಆದರೆ ಮೊದಲ ಕಪ್ಪಿಗೂ ಆ ಬಿಳಿಯ ಸಾಲಿಗೂ ನಡುವೆ ಒಂದು ಹಳದಿ ಗುಂಡಿ ಇತ್ತು.

"ಇದೇನಕ್ಕಾ, ಹಳದಿ?"

"ಅದು ಬಿಳಿ ಅಂತಲೇ ಲೆಕ್ಕ. ಆವತ್ತು ಚೆನ್ನಾಗೇ ಓಡಿತ್ತು. ಡಬ್ಬಿಯಲ್ಲಿದ್ದ ಕೊನೇ ಬಿಳಿ ಗುಂಡಿ ಅಂಗಿಗೆ ಹಾಕಿಬಿಟ್ಟಿದ್ದೆ, ಅದಕ್ಕೇ ಹಳದಿ ಪೋಣಿಸಿದೆ. ಮಾರನೇ ದಿನ ಬಿಳಿ ತಂದೆ."

"ಅಂಗಿಗೆ ಏನಾಗಿತ್ತು?"

"ಒಂದು ಗುಂಡಿ ಕಿತ್ತುಹೋಗಿತ್ತು. ಅದನ್ನ ಹಾಕೋದಕ್ಕೆ ಅಂಗಿ ಬಿಚ್ಚಿ ನೋಡಿದ್ರೆ ಇಲಿ ಕಡಿದಿತ್ತಪ್ಪ. ಗೋಡೆ ಕಡೆಗಿರೋ ಹಿಂಬದಿಯಲ್ಲಿ ಇಷ್ಟು ಅಗಲ, ಹಲ್ಲುಹಲ್ಲಾಗಿ. ನೋಡಿ ಕರುಳು ಚುರುಕ್ ಅಂತು. ಎರಡು ಪದರ ಬಟ್ಟೆ ಇಟ್ಟು ಭದ್ರವಾಗಿ ಮುಚ್ಚಿ ಹೊಲಿದೆ. ಇನ್ನು ಯಾವ ಇಲಿಯ ಹಲ್ಲೂ ಹತ್ತಲ್ಲ."

ಮೇಸ್ತ್ರಿ ಎದ್ದ. ಗೂಟದಿಂದ ಅಂಗಿ ತೆಗೆದ, ಮಡಿಕೆ ಬಿಚ್ಚಿದ, ಹಿಂಬದಿಯನ್ನು ಬೆಳಕಿಗೆ ಹಿಡಿದ. ರೊಟ್ಟಿಯಗಲದ ತೇಪೆ, ಸುತ್ತ ಮೂರು ಸಾಲು ಒತ್ತೊತ್ತು ಹೊಲಿಗೆ. ತೇಪೆಯ ನಡುವೆ ಬಟ್ಟೆ ಕಂದಿ ಕಂದುಬಣ್ಣಕ್ಕೆ ತಿರುಗಿತ್ತು. ಅವನು ಅದನ್ನು ತುಂಬ ಹೊತ್ತು ನೋಡಿದ. ಎಪ್ಪತ್ತು ಸುತ್ತು ಎಣಿಸುವಷ್ಟು ಹೊತ್ತು.

"ಅಕ್ಕಾ," ಎಂದ ಮೆಲ್ಲಗೆ, "ಆ ಇಲಿ ನಾನೇ."

"ಏನು?"

"ಮೋಟಾರಿನ ಹಿಂದೆ ಫ್ಯಾನಿದೆ. ಅದು ಅಲ್ಲಿಂದಲೇ ಗಾಳಿ ಎಳೆದುಕೊಂಡು ಮೈ ತಣ್ಣಗೆ ಮಾಡಿಕೊಳ್ಳೋದು. ನೀವು ಅಂಗಿ ಹೊಲಿದಾಗ ಮೂಗನ್ನೂ ಸೇರಿಸಿ ಹೊಲಿದಿದ್ರಿ. ಇಷ್ಟು ಚೆಂದ ಹೊಲಿದೋರಿಗೆ ತಪ್ಪು ಅಂತ ಹೇಗೆ ಹೇಳೋದು? ನೀವು ಮೇಲೆ ಹೋದ ಮೇಲೆ ವೈರು ಕತ್ತರಿಸೋ ಕಟ್ಟರಿನಲ್ಲಿ ಕಚಕಚ ಅಂತ ಕತ್ತರಿಸಿದೆ. ಅದಕ್ಕೇ ಹಲ್ಲುಹಲ್ಲು. ಆಮೇಲೆ ಇವತ್ತಲ್ಲ ನಾಳೆ ಹೇಳೋಣ ಅಂತ ಅಂದುಕೊಂಡು..."

ಅಜ್ಜಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. "ನಾನು ನಿನಗೆ ಮರ್ಯಾದೆ ಅಂತ ನೀನು ಬರೋ ಮುಂಚೆ ಪ್ರತಿ ಸಲ ಅಂಗಿ ಬಿಚ್ಚಿಡ್ತಿದ್ದೆ."

"ಅದಕ್ಕೇ ನಾನು ಬಂದಾಗೆಲ್ಲ ಸರಿ ಇರ್ತಿತ್ತು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವರು ಯಾರೋ ಹೇಳುವುದು ಕಷ್ಟ. ಸುಟ್ಟ ಮೋಟಾರಿನ ಪಕ್ಕ ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದರೆ ನಗು ಇಳಿದ ಮೇಲೂ, ಕೊಟ್ಟು ಹೋಗಬೇಕಾದ ಕೀ ಅವನ ಸೊಂಟದಲ್ಲಿ ತೂಗುತ್ತಲೇ ಇತ್ತು.

"ಅಕ್ಕಾ, ಮ್ಯಾನೇಜರಿಗೆ ಏನೂ ಹೇಳ್ಬೇಡಿ. ಮೋಟಾರು ಹಳೇದಾಗಿತ್ತು ಅಂತ ನಾನೇ ಹೇಳ್ತೀನಿ. ನಿಮ್ಮ ಕೆಲಸಕ್ಕೆ ಯಾಕೆ ಕುತ್ತು?"

ಅಜ್ಜಿ ಅಂಗಿಯನ್ನು ಕಂಕುಳಿಗೆ ಇಟ್ಟುಕೊಂಡು ಎದ್ದಳು. ಕೆಲಸ ಹೋದರೆ ಹೋಗುವುದು ಈ ಕಿಟಕಿ, ಈ ಟವೆಲು, ತಿಂಗಳ ಸಂಬಳ; ಹೆದರಿಕೆ ಇಲ್ಲದಿರಲಿಲ್ಲ. ಆದರೂ ಮೂವತ್ತೆಂಟು ವರ್ಷ ಗಂಡನ ಅಂಗಡಿಯಲ್ಲಿ ತನ್ನ ಹೊಲಿಗೆಯ ತಪ್ಪನ್ನು ಅವಳು ಇನ್ನೊಬ್ಬರ ಮೇಲೆ ಹಾಕಿರಲಿಲ್ಲ. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ನೇರ ಆಫೀಸಿಗೆ ಹೋದಳು. ಹಿಂದಿನಿಂದ ಮೇಸ್ತ್ರಿ, "ಅಕ್ಕಾ, ಅಕ್ಕಾ" ಎನ್ನುತ್ತ ಓಡಿಬಂದ.

ಟೀಚರಮ್ಮ ಆಗಲೇ ಅಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಶನಿವಾರ ಬೆಳಗ್ಗೆ ಮಕ್ಕಳಿಗೆ ಈಜಿನ ಪರೀಕ್ಷೆ. ಪಂಪಿಲ್ಲದೆ ಎರಡು ದಿನ ನಿಂತರೆ ನೀರು ಹಸಿರಾಗುತ್ತದೆ, ಹಸಿರು ನೀರಿಗೆ ಮಕ್ಕಳನ್ನು ಇಳಿಸುವುದಿಲ್ಲ ಎಂದು ಅವಳ ವಾದ. ಮ್ಯಾನೇಜರು ಫೋನು ಕಿವಿಗಿಟ್ಟಿದ್ದ.

ಅಜ್ಜಿ ಅಂಗಿಯನ್ನು ಮೇಜಿನ ಮೇಲೆ ಹರಡಿದಳು. "ಸಾರ್, ಮೋಟಾರು ಸುಟ್ಟಿದ್ದು ಇದರಿಂದ. ಈ ತೂತು ಇರಬೇಕಾಗಿತ್ತು, ನಾನು ಮುಚ್ಚಿದೆ. ಹೊಲಿಗೆ ನನ್ನದು."

"ತೂತು ನನ್ನದು ಸಾರ್," ಎಂದ ಮೇಸ್ತ್ರಿ ಏದುಸಿರು ಬಿಡುತ್ತ. "ಹೇಳದೆ ಕತ್ತರಿಸಿದೋನು ನಾನು."

ಮ್ಯಾನೇಜರು ಫೋನು ಕೆಳಗಿಟ್ಟು ಇಬ್ಬರನ್ನೂ ನೋಡಿದ. ಅವರು ಎಲ್ಲವನ್ನೂ ಮೊದಲಿನಿಂದ ಹೇಳಿದರು, ಇಲಿಬೋನಿನವರೆಗೆ. ಟೀಚರಮ್ಮ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

"ಅಂದ್ರೆ ನೀವಿಬ್ಬರೂ ಸೇರಿ..." ಎಂದು ಮ್ಯಾನೇಜರು ದನಿ ಏರಿಸಿದ.

"ಇಬ್ಬರೇ ಯಾಕೆ ಸಾರ್?" ಎಂದಳು ಟೀಚರಮ್ಮ. "ಸದಾ ತೊಡಿಸೇ ಇಡಿ ಅಂದೋರು ಯಾರು? ಯೂನಿಫಾರ್ಮ್ ಅಂತ ಊರಿಗೆಲ್ಲ ತೋರಿಸಿದೋರು ಯಾರು? ಚಪ್ಪಾಳೆ ತಟ್ಟಿದವಳು ನಾನು. ನಾವು ನಾಲ್ಕೂ ಜನ ಕೀ ಇಟ್ಟು ಮನೆಗೆ ಹೋಗೋಣ ನಡೀರಿ."

ಮ್ಯಾನೇಜರಿನ ಕಿವಿ ಕೆಂಪಾಯಿತು. ತುಸು ಹೊತ್ತು ಅಂಗಿಯ ಗುಂಡಿ ಹಾಕುತ್ತ, ಬಿಚ್ಚುತ್ತ ಕುಳಿತ. "ನಾಳೆ ಸಂಜೆಯೊಳಗೆ ನೀರು ಓಡ್ಬೇಕು," ಎಂದ ಕೊನೆಗೆ. "ಓಡಿದ್ರೆ ಕೀ ನಿಮ್ಮದು. ಇಲ್ದಿದ್ರೆ ಕಂಪನಿಯವರಿಗೆ ಹೇಳ್ತೀನಿ. ಅಜ್ಜಿ, ನೀವು ಇನ್ನು ಮುಂದೆ ಮನುಷ್ಯರಿಗೆ ಮಾತ್ರ ಬಟ್ಟೆ ಹೊಲೀರಿ."

ಮರುದಿನ ಮಧ್ಯಾಹ್ನ ಮೇಸ್ತ್ರಿಯ ಮಗಳು ಹೊಸ ಮೋಟಾರನ್ನು ಗಾಡಿಯಲ್ಲಿ ಹಾಕಿಸಿಕೊಂಡು ತಂದಳು. ಅಷ್ಟೇ ಶಕ್ತಿಯದು, ಅಳತೆಯಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಮೇಸ್ತ್ರಿ ಮೇನ್ ಸ್ವಿಚ್ಚು ಆಫ್ ಮಾಡಿದ. ಯಾರೂ ಮರೆತು ಹಾಕದಂತೆ ಅಜ್ಜಿ ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿದಳು. ಕೊಳದ ಕಡೆಯ ವಾಲ್ವು, ಫಿಲ್ಟರಿನ ಕಡೆಯ ವಾಲ್ವು ಎರಡನ್ನೂ ಮುಚ್ಚಿದರು. ವೈರು ಬಿಚ್ಚುವ ಮುಂಚೆ ಮಗಳು ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಕೇಳಿದಳು. ಅಜ್ಜಿಯ ಹತ್ತಿರ ಬಣ್ಣಕ್ಕೇನು ಬರ? ನಾಲ್ಕು ಬೋಲ್ಟು ಸಡಿಲಿಸಿ ಹಳೆಯದನ್ನು ಹಿಂದಕ್ಕೆ ಎಳೆದಾಗ, ಮುಂದಿದ್ದ, ನೀರು ತಳ್ಳುವ ಎಲೆಚಕ್ರದ ಜೊತೆ ಒಂದು ಲೋಟ ನೀರು ಎಲ್ಲರ ಕಾಲ ಮೇಲೆ ಸುರಿಯಿತು.

"ಸೀಲು ಹೊಸದೇ ಹಾಕ್ಬೇಕು. ಹೊಳೆಯೋ ಮುಖಕ್ಕೆ ಬೆರಳು ತಾಗಬಾರದು, ಬೆರಳಿನ ಜಿಡ್ಡು ಸಾಕು ಸೋರೋದಕ್ಕೆ," ಎಂದ ಮೇಸ್ತ್ರಿ. ಅವನ ಬೆರಳುಗಳಲ್ಲಿ ಮೂವತ್ತು ವರ್ಷದ ಗ್ರೀಸಿತ್ತು. ಮಗಳ ಬೆರಳುಗಳೂ ಅದೇ ಬಣ್ಣ. ಇಬ್ಬರೂ ಅಜ್ಜಿಯ ಕಡೆ ನೋಡಿದರು.

ಅಜ್ಜಿ ಸೋಪು ಹಾಕಿ ಮೊಣಕೈವರೆಗೆ ತೊಳೆದು, ಒಗೆದ ಬಿಳಿ ಟವೆಲಿನಲ್ಲಿ ಒರೆಸಿಕೊಂಡು ಬಂದಳು. ಸೀಲನ್ನು ಅಂಚಿನಲ್ಲಿ ಹಿಡಿದು, ಬಟ್ಟೆಯ ತುದಿಯಿಂದ ಒತ್ತಿ, ಒಂದಿಷ್ಟೂ ವಾಲದಂತೆ ಕೂರಿಸಿದಳು. ಕಾಲರು ಕೂರಿಸುವಾಗ ಬೇಕಾದ ನಿಗಾ ಅದು, ಬೇರೇನಲ್ಲ. ಮೇಸ್ತ್ರಿ ಎಲೆಚಕ್ರ ತಿರುಗಿಸಿ ಬಿಗಿದ, ಬೋಲ್ಟುಗಳನ್ನು ಎದುರುಬದುರಾಗಿ ಕಟ್ಟಿದ. ಮಗಳು ದಾರದ ಬಣ್ಣ ನೋಡಿ ವೈರು ಸೇರಿಸಿದಳು, ಅರ್ಥಿಂಗ್ ಮೊದಲು. ಬುಟ್ಟಿಯ ಬಾಯಿಗೆ ನೀರು ತುಂಬಿ, ಮುಚ್ಚಳ ಬಿಗಿದು, ವಾಲ್ವು ತೆರೆದರು. ಅಜ್ಜಿ ಕೆಂಪು ಬಟ್ಟೆ ಬಿಚ್ಚಿದಳು.

ಸ್ವಿಚ್ಚು ಬಿತ್ತು. ಮೊದಲು ಗೊರಗೊರ, ಮುಚ್ಚಳದ ಗಾಜಿನೊಳಗೆ ಬರಿ ಗುಳ್ಳೆ. ಗೇಜಿನ ಮುಳ್ಳು ಏಳಲಿಲ್ಲ. ಮೆಟ್ಟಿಲ ತುದಿಯಲ್ಲಿ ಮ್ಯಾನೇಜರು ಗಡಿಯಾರ ನೋಡಿಕೊಳ್ಳುತ್ತಿದ್ದ. ಮೇಸ್ತ್ರಿಯ ಕೈ ಸೊಂಟದ ಕೀಯನ್ನು ಹಿಡಿದುಕೊಂಡಿತ್ತು. ಬಾಯಿ ಏನೋ ಎಣಿಸುತ್ತಿತ್ತು. ನಲವತ್ತು ದಾಟಿರಬೇಕು, ಗುಳ್ಳೆ ಕರಗಿ ಗಾಜಿನೊಳಗೆ ನೀರು ತುಂಬಿತು, ಮುಳ್ಳು ನಡುಗುತ್ತ ಎದ್ದು ತನ್ನ ಜಾಗದಲ್ಲಿ ನಿಂತಿತು.

"ಉಶ್!" ಎಂದ ಮೇಸ್ತ್ರಿ, ಯಾರೂ ಮಾತಾಡದಿದ್ದರೂ. ಸ್ಕ್ರೂಡ್ರೈವರು ಜೇಬಿನಿಂದ ಎಳೆದ. ಆದರೆ ತನ್ನ ಕಿವಿಗೆ ಇಟ್ಟುಕೊಳ್ಳದೆ ಹಿಡಿಯನ್ನು ಅಜ್ಜಿಯ ಕಡೆಗೆ ಚಾಚಿದ.

ಅಜ್ಜಿ ಕಿವಿಗೊತ್ತಿ ಕೇಳಿದಳು. "ಎಣ್ಣೆ ಹಾಕಿದ ಮೆಷಿನಿನ ಹಾಗಿದೆ. ದಾರ ಒಂದೇ ಸಮ ಹೋಗ್ತಿದೆ."

ಶನಿವಾರ ಮಕ್ಕಳು ನೀಲಿ ನೀರಿನಲ್ಲಿ ಪರೀಕ್ಷೆ ಕೊಟ್ಟರು. ಒಬ್ಬ ಮಾತ್ರ ಫೇಲಾದ. ಅದಕ್ಕೆ ಪಂಪು ಕಾರಣವಲ್ಲ ಎಂದು ಟೀಚರಮ್ಮ ಮ್ಯಾನೇಜರಿಗೆ ಬರೆದೇ ಕೊಟ್ಟಳು. ಹೊಸ ಮೋಟಾರಿನ ಮೇಲೆ ಹನಿ ಬೀಳದಂತೆ ಮೇಸ್ತ್ರಿ ತಗಡಿನ ಪುಟ್ಟ ಮಾಡು ಹಾಕಿದ. ಹಳೆಯ ಅಂಗಿ ತೇಪೆಯ ಸಮೇತ ಅವನ ಅಂಗಡಿಯ ಗೋಡೆಗೆ ಹೋಯಿತು. ತಂತಿ ಸುತ್ತುವಾಗ ಕಣ್ಣಿಗೆ ಕಾಣುವ ಹಾಗೆ ಅದನ್ನು ನೇತುಹಾಕಿದ್ದ. ಯಾರಾದರೂ ಅದೇನೆಂದು ಕೇಳಿದರೆ, ಎಪ್ಪತ್ತು ಸುತ್ತು ಮುಗಿಸಿ ಕತೆ ಹೇಳುತ್ತಿದ್ದ.

ಅದಾಗಿ ಮೂರು ವರ್ಷ. ಅಜ್ಜಿಯ ದಾರ ಈಗ ಕೋಣೆಯನ್ನು ಎರಡು ಸುತ್ತು ಬರುವಷ್ಟು ಉದ್ದವಾಗಿದೆ. ಹೊಸ ಮೋಟಾರು ಬಂದ ಮೇಲೆ ಸೇರಿದ ಕಪ್ಪು ಗುಂಡಿ ಎರಡೇ, ಎರಡೂ ಕರೆಂಟು ಹೋದ ದಿನದ್ದು. ಮೇಸ್ತ್ರಿಗೆ ಮಾತ್ರ ಆ ಹನ್ನೊಂದು ಮೆಟ್ಟಿಲು ವರ್ಷವರ್ಷಕ್ಕೆ ಹೆಚ್ಚಾದಂತೆ ಅನ್ನಿಸತೊಡಗಿತು. ಇಳಿಯುವಾಗ ಒಂದು ಸಲ, ಹತ್ತುವಾಗ ಎರಡು ಸಲ ನಿಲ್ಲುತ್ತಿದ್ದ. ಕೊನೆಗೆ ಹೋದ ತಿಂಗಳು, ಸೋಮವಾರ ಬೆಳಗ್ಗೆ, ಮಗಳ ಜೊತೆ ಬಂದ. ಮ್ಯಾನೇಜರಿನ ಮುಂದೆ ಹಿತ್ತಾಳೆ ಸರಪಳಿ ಬಿಚ್ಚಿ, ಮೇಜಿನ ಮೇಲೆ ಇಡದೆ, ಮಗಳ ಸೊಂಟಕ್ಕೆ ತಾನೇ ಕಟ್ಟಿದ. ಮ್ಯಾನೇಜರು ಎದ್ದು ನಿಂತು ಅವನ ಕೈ ಕುಲುಕಿದ.

ಮಗಳು ಪಂಪ್ ರೂಮಿಗೆ ಇಳಿದಳು. ಅವಳ ಕೈಯಲ್ಲಿ ಆ ಮೊಳದುದ್ದದ ಸ್ಕ್ರೂಡ್ರೈವರು ಇತ್ತು. ಮೇಸ್ತ್ರಿ ಟವೆಲಿನ ಕಿಟಕಿಗೆ ಬಂದು ನಿಂತ, ಮೊದಲ ದಿನ ನಿಂತ ಜಾಗದಲ್ಲೇ. ಅಜ್ಜಿ ಟವೆಲು ಎಣಿಸುತ್ತಿದ್ದಳು. ಅವಳು ನಲವತ್ತನ್ನು ಮುಗಿಸಿ ತಲೆಯೆತ್ತುವವರೆಗೂ ಕಾದ.

"ಇನ್ನು ಬರಲ್ವಾ?" ಎಂದಳು.

"ಬರ್ತೀನಿ, ಈಜೋದಕ್ಕೆ. ಮಂಡಿಗೆ ಒಳ್ಳೇದಂತೆ, ಡಾಕ್ಟರು ಹೇಳಿದ್ದಾರೆ. ಇಷ್ಟು ವರ್ಷ ಈ ನೀರನ್ನ ನೋಡಿಕೊಂಡೆ, ಇನ್ನು ಅದು ನನ್ನನ್ನ ನೋಡಿಕೊಳ್ಳಲಿ. ನನಗೊಂದು ದೊಡ್ಡ ಟವೆಲು ಎತ್ತಿಡಿ."

ನೆಲದಡಿಯಿಂದ ಗುಂಯ್ ಒಂದೇ ಸಮ ಬರುತ್ತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಕೇಳಿದರು. ಮೇಸ್ತ್ರಿ ನೀಲಿ ಕೋಟನ್ನು ನಿಧಾನವಾಗಿ ಬಿಚ್ಚಿ, ಮಡಚಿ, ಬಲಗಡೆಯ ಜೇಬು ಮೇಲೆ ಬರುವಂತೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟ.

"ಅಕ್ಕಾ," ಎಂದ, "ಈ ತೂತು ಈಗ ಹೊಲಿದುಕೊಡ್ತೀರಾ?"